ಐದು ಸೆಂಟಿಮೀಟರ್ ಜಾರಿದ ಬೋಲ್ಟು

2018ರ ನವೆಂಬರ್ 5. ದಕ್ಷಿಣ ಪೆಸಿಫಿಕ್‌ನಲ್ಲಿ ಬಿರುಗಾಳಿ ಎದ್ದಿತ್ತು. ಫ್ರಾನ್ಸಿನ ಜಾನ್-ಲೂಕ್ ವಾನ್ ಡೆನ್ ಹೀಡೆ ಒಬ್ಬರೇ ನಡೆಸುತ್ತಿದ್ದ 36 ಅಡಿಯ ಹಾಯಿದೋಣಿಯನ್ನು ದೊಡ್ಡದೊಂದು ಅಲೆ ಎತ್ತಿ ಕೆಡವಿತು. ಹಾಯಿಕಂಬ ನೀರಿನೊಳಕ್ಕೆ ಹೋಗಿ ಮತ್ತೆ ಮೇಲೆದ್ದಿತು. ಕಂಬ ಮುರಿದಿರಲಿಲ್ಲ, ಆದರೆ ಅದನ್ನು ನೆಟ್ಟಗೆ ಹಿಡಿದಿದ್ದ ತಂತಿಹಗ್ಗಗಳು ಸಡಿಲವಾಗಿದ್ದವು. ಅವನ್ನು ಕಂಬಕ್ಕೆ ಕೂಡಿಸುವ ಬೋಲ್ಟು ಐದು ಸೆಂಟಿಮೀಟರ್‌ನಷ್ಟು ಕೆಳಕ್ಕೆ ಜಾರಿ, ಅಲ್ಯೂಮಿನಿಯಂ ಕಂಬವನ್ನು ಹತ್ತು ಸೆಂಟಿಮೀಟರ್ ಉದ್ದಕ್ಕೆ ಸೀಳಿತ್ತು.

ಸಣ್ಣ ಹಾಯಿದೋಣಿಯ ಕಂಬ ತನ್ನ ಬಲದಿಂದ ನಿಲ್ಲುವುದಿಲ್ಲ. ಮುಂದೆ, ಹಿಂದೆ, ಎಡಬಲಗಳಲ್ಲಿ ಬಿಗಿದ ಉಕ್ಕಿನ ತಂತಿಗಳು ಅದನ್ನು ಎಳೆದು ಹಿಡಿದಿರುತ್ತವೆ. ಪಕ್ಕದ ಕೆಳತಂತಿಗಳು ಕಂಬದ ನಡುಭಾಗಕ್ಕೆ ಬರುತ್ತವೆ. ಅಲ್ಲಿ ಹಿಡಿತ ತಪ್ಪಿದರೆ ಪ್ರತಿ ಅಲೆಗೂ ಕಂಬ ನಡುವಿನಲ್ಲಿ ಬಾಗಿ ಬಾಗಿ ಕೊನೆಗೆ ಮುರಿಯುತ್ತದೆ. ಹಾಗಾಗಿ ಕಂಬ ಬಿದ್ದ ಸುದ್ದಿ ಬಂದಾಗ ಅನುಭವಿಗಳು ಮೊದಲು ಹುಡುಕುವುದು ಯಾವ ಪಿನ್ನು, ಯಾವ ಬೋಲ್ಟು, ಯಾವ ತಂತಿಯ ತುದಿ ಕೈಕೊಟ್ಟಿತು ಎಂಬುದನ್ನು. ಹಳೆಯ ದೋಣಿಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಸ್ಟೇನ್‌ಲೆಸ್ ಉಕ್ಕಿಗೂ ಗಾಳಿಯಾಡದ ಸಂದಿನಲ್ಲಿ ಉಪ್ಪುನೀರು ನಿಂತರೆ ತುಕ್ಕು ತಪ್ಪದು. ಉಕ್ಕು ಮತ್ತು ಅಲ್ಯೂಮಿನಿಯಂ ನೇರವಾಗಿ ತಾಗಿಕೊಂಡಿದ್ದಲ್ಲಿ ಉಪ್ಪುನೀರು ಸೇರಿದರಂತೂ ಅಲ್ಯೂಮಿನಿಯಂ ಸವೆಯುತ್ತಾ ಹೋಗುತ್ತದೆ. ಹೊರಗೆ ಎಲ್ಲವೂ ಥಳಥಳ ಹೊಳೆಯುತ್ತಿರುವಾಗಲೇ ಒಳಗೆ ಬಿರುಕು ಬೆಳೆದಿರುತ್ತದೆ.

ವಾನ್ ಡೆನ್ ಹೀಡೆ ಆಗ, ಒಬ್ಬರೇ ಎಲ್ಲೂ ನಿಲ್ಲದೆ ಹಾಯಿದೋಣಿಯಲ್ಲಿ ಜಗತ್ತನ್ನು ಸುತ್ತಿ ಬರಬೇಕಾದ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ಎಲ್ಲರಿಗಿಂತ ಮುಂದಿದ್ದರು. ದಕ್ಷಿಣ ಅಮೆರಿಕದ ತೆಂಕಣ ತುದಿಯ ಕೇಪ್ ಹಾರ್ನ್ ಇನ್ನೂ ಸುಮಾರು 2,000 ನಾಟಿಕಲ್ ಮೈಲು ದೂರವಿತ್ತು. ಚಿಲಿಯ ವಾಲ್ಪರೈಸೊ ಬಂದರಿಗೆ ಹೋಗಿ ದುರಸ್ತಿ ಮಾಡಿಸುವುದಾಗಿ ಅವರು ಮೊದಲು ತಿಳಿಸಿದರು. ಆದರೆ ಬಂದರಿನಲ್ಲಿ ನಿಂತರೆ ಮುಖ್ಯ ಸ್ಪರ್ಧೆಯಿಂದ ಹೊರಗೆ. ದಾರಿಯಲ್ಲೇ ಮನಸ್ಸು ಬದಲಾಯಿತು. ಓಲಾಡುವ ಕಂಬವನ್ನು ಹಲವು ಬಾರಿ ಹತ್ತಿ, ಹಗ್ಗ ಸುತ್ತಿ ಬಿಗಿದು, ಆ ಬೋಲ್ಟು ಇನ್ನಷ್ಟು ಜಾರದಂತೆ ಕಟ್ಟಿಹಾಕಿದರು. ಅವರಿಗೆ ಆಗ 73 ವರ್ಷ. ಡೆಕ್ಕಿನ ಮೇಲೆ ನಿಂತವನಿಗೆ ಒಂದಡಿ ಅನ್ನಿಸುವ ಓಲಾಟ ಕಂಬದ ಮೇಲಿರುವವನನ್ನು ಹಲವು ಅಡಿ ಆಚೀಚೆ ಎಸೆಯುತ್ತದೆ. ಒಂದು ಕೈ ಕಂಬವನ್ನು ಅಪ್ಪಿಕೊಂಡಿರಬೇಕು, ಕೆಲಸಕ್ಕೆ ಉಳಿಯುವುದು ಇನ್ನೊಂದೇ ಕೈ. ಲೋಹದ ಸೀಳನ್ನು ಬೆಸೆಯುವ ಸಾಧನ ಅಲ್ಲಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹಗ್ಗವನ್ನು ಎಷ್ಟು ಸುತ್ತು ಬೇಕಾದರೂ ಸುತ್ತಬಹುದು. ಒಂದೇ ಬಿಂದುವಿನ ಮೇಲೆ ಬೀಳುತ್ತಿದ್ದ ಎಳೆತ ಅಷ್ಟೂ ಸುತ್ತುಗಳಿಗೆ ಹಂಚಿಹೋಗುತ್ತದೆ. ಸಡಿಲಾದರೆ ಕಣ್ಣಿಗೆ ಕಾಣುತ್ತದೆ, ಮತ್ತೆ ಬಿಗಿಯಬಹುದು.

ಈ ಜಾಣ್ಮೆ ಸ್ಪರ್ಧೆಗಿಂತ ಬಹಳ ಹಳೆಯದು. ಅರಬ್ಬಿ ಸಮುದ್ರದ ಹಡಗುಗಳ ಹಲಗೆಗಳನ್ನು ಶತಮಾನಗಳ ಕಾಲ ತೆಂಗಿನ ನಾರಿನ ಹುರಿಯಿಂದಲೇ ಹೊಲಿಯುತ್ತಿದ್ದರು. ಅದೇ ಕ್ರಮದಲ್ಲಿ ಗೋವಾದಲ್ಲಿ ಕಟ್ಟಿದ ‘ಕೌಂಡಿನ್ಯ’ ಹಾಯಿಹಡಗು 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿತು.

ಗೋಲ್ಡನ್ ಗ್ಲೋಬ್ ಸ್ಪರ್ಧೆಯ ಬೇರೂ ನಮ್ಮ ಪಶ್ಚಿಮ ಕರಾವಳಿಯಲ್ಲಿದೆ. 1968ರ ಮೊದಲ ಸ್ಪರ್ಧೆಗೆ ಹೊರಟ ಒಂಬತ್ತು ಮಂದಿಯಲ್ಲಿ ಗುರಿ ಮುಟ್ಟಿದವರು ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಬ್ಬರೇ. ಅವರ 32 ಅಡಿಯ ‘ಸುಹೈಲಿ’ ಮುಂಬಯಿಯ ಬಡಗಿಗಳು ತೇಗದ ಮರದಲ್ಲಿ ಕಟ್ಟಿದ ದೋಣಿ. ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್‌ನಿಂದ ಹೊರಟು 1969ರ ಏಪ್ರಿಲ್ 22ರಂದು ಅಲ್ಲಿಗೇ ಮರಳಿತು. ಆ ಪ್ರಯಾಣವೆಂದರೆ ಕೊನೆಯಿಲ್ಲದ ರಿಪೇರಿ. ಅಡಿಯ ಹಲಗೆಸಂದುಗಳು ಸೋರಿದವು. ನಾಕ್ಸ್-ಜಾನ್‌ಸ್ಟನ್ ನೀರಿನೊಳಗೆ ಮುಳುಗಿ ಅಲ್ಲಿಗೆ ಹತ್ತಿ ತುರುಕಿದರು. ಚುಕ್ಕಾಣಿಯನ್ನು ತಾನಾಗಿ ನಡೆಸುವ ಸಾಧನ ಕಳಚಿಹೋಯಿತು. ದೊಡ್ಡ ಹಾಯಿಯ ಅಡಿದೂಲವನ್ನು ಕಂಬಕ್ಕೆ ಜೋಡಿಸುವ ಕೀಲೂ ಮುರಿಯಿತು. ದೂಲ ಅತ್ತಿತ್ತ ಹೊರಳುವಾಗಿನ ಹೊಡೆತವನ್ನೆಲ್ಲ ತಿನ್ನುವುದು ಈ ಕೀಲೇ. ಅದನ್ನೂ ದೋಣಿಯಲ್ಲಿದ್ದ ಕೈಸಾಧನಗಳಿಂದಲೇ ಸರಿಪಡಿಸಿಕೊಂಡರು. ಅವರನ್ನು ವೀರನೆಂದು ಹೊಗಳುವವರು ಸಾಮಾನ್ಯವಾಗಿ ಬಿರುಗಾಳಿಯ ಕಥೆ ಹೇಳುತ್ತಾರೆ. ಡೆಕ್ಕಿನ ಮೇಲೆ ಕೂತು ಲೋಹ ಅರೆದ ಗಂಟೆಗಳೇ ಆ ಗೆಲುವಿನ ನಿಜವಾದ ಬಂಡವಾಳ.

ಆ ಪ್ರಯಾಣದ ಐವತ್ತನೆಯ ವರ್ಷಕ್ಕೆ 2018ರಲ್ಲಿ ಸ್ಪರ್ಧೆ ಮತ್ತೆ ನಡೆದಾಗ ನಿಯಮಗಳೂ ಹಳೆಯ ಕಾಲದವೇ ಆಗಿದ್ದವು: 32ರಿಂದ 36 ಅಡಿಯ, 1988ಕ್ಕೂ ಮೊದಲಿನ ವಿನ್ಯಾಸದ ದೋಣಿಗಳು, ದಾರಿ ಕಂಡುಕೊಳ್ಳಲು ಸೂರ್ಯ, ನಕ್ಷತ್ರಗಳ ಎತ್ತರ ಅಳೆಯುವ ಸೆಕ್ಸ್‌ಟಂಟ್. ಭಾರತೀಯ ನೌಕಾಪಡೆಯ ಅಭಿಲಾಷ್ ಟಾಮಿ ಅವರ ‘ತುರಿಯಾ’ ಗೋವಾದಲ್ಲಿ ಕಟ್ಟಿದ ಸುಹೈಲಿಯ ಪಡಿಯಚ್ಚು. ಸೆಪ್ಟೆಂಬರ್ 21ರಂದು ಆಸ್ಟ್ರೇಲಿಯಾದ ಪರ್ತ್‌ನಿಂದ ಸುಮಾರು 1,900 ನಾಟಿಕಲ್ ಮೈಲು ದೂರದಲ್ಲಿ ಅದು ಕಂಬ ಕಳೆದುಕೊಂಡಿತು. ಅಭಿಲಾಷ್ ಬೆನ್ನುಮೂಳೆ ಮುರಿದು ಬಿದ್ದಿದ್ದರು. ದುರಸ್ತಿಯ ಮಾತೇ ಇರಲಿಲ್ಲ. ಮೂರು ದಿನಗಳ ನಂತರ ಫ್ರಾನ್ಸಿನ ಮೀನುಗಾರಿಕೆ ಗಸ್ತು ಹಡಗು ಒಸಿರಿಸ್ ಅವರನ್ನು ಕಾಪಾಡಿತು. ಆ ಸಲ ಕಂಬ ಕಳೆದುಕೊಂಡ ದೋಣಿಗಳು ಐದು. ಅವುಗಳ ನಾವಿಕರಲ್ಲಿ ನಾರ್ವೆಯ ಆರೆ ವೀಗ್ ಮಾತ್ರ ಉಳಿದ ದೂಲ ಗೂಟಗಳಿಂದ ಗಿಡ್ಡ ಕಂಬವೊಂದನ್ನು ಎಬ್ಬಿಸಿ, ತುಂಡು ಹಾಯಿ ಕಟ್ಟಿಕೊಂಡು, ಯಾರ ನೆರವೂ ಇಲ್ಲದೆ ಕೇಪ್‌ಟೌನ್ ಸೇರಿದರು.

ವಾನ್ ಡೆನ್ ಹೀಡೆಯವರ ಹಗ್ಗದ ಕಟ್ಟು ಕೇಪ್ ಹಾರ್ನ್ ದಾಟಿಸಿತು, ಅಟ್ಲಾಂಟಿಕ್‌ನ ಉದ್ದಕ್ಕೂ ತಾಳಿತು. ಸೀಳಿದ ಕಂಬಕ್ಕೆ ಭಾರ ಹೆಚ್ಚಾಗದಂತೆ ಅವರು ಹಾಯಿಯನ್ನು ಹಿಡಿತದಲ್ಲಿಟ್ಟರು. ಹಿಂದಿದ್ದ ಡಚ್ ನಾವಿಕ ಮಾರ್ಕ್ ಸ್ಲಾಟ್ಸ್ ಅಂತರ ತಗ್ಗಿಸುತ್ತಾ ಬಂದರು. 2019ರ ಜನವರಿ 29ರಂದು, ಹೊರಟ 212ನೆಯ ದಿನ, ವಾನ್ ಡೆನ್ ಹೀಡೆ ಫ್ರಾನ್ಸಿನ ಲೆ ಸಾಬ್ಲ್ ದೊಲೋನ್ ಬಂದರನ್ನು ಮೊದಲಿಗರಾಗಿ ತಲುಪಿದರು. ಸ್ಲಾಟ್ಸ್ ಬಂದದ್ದು ಎರಡು ದಿನ ತಡವಾಗಿ.

ಅಭಿಲಾಷ್ ಮುಂದಿನ ಸ್ಪರ್ಧೆಗೆ ವಾನ್ ಡೆನ್ ಹೀಡೆಯವರದೇ ಮಾದರಿಯ ರಸ್ಲರ್ 36 ದೋಣಿಯನ್ನು ಆರಿಸಿಕೊಂಡರು. ಚುಕ್ಕಾಣಿ ನಡೆಸುವ ಗಾಳಿಯಂತ್ರ ಮುರಿದಾಗ ಶೌಚಾಲಯದ ಬಾಗಿಲನ್ನು ಕತ್ತರಿಸಿ ಅದಕ್ಕೆ ಬಿಡಿಭಾಗ ಮಾಡಿಕೊಂಡರು. 2023ರ ಏಪ್ರಿಲ್ 29ರಂದು ಎರಡನೆಯವರಾಗಿ ಅದೇ ಬಂದರು ಮುಟ್ಟಿದರು.