ಒತ್ತೆ, ಬಡ್ಡಿ ಮತ್ತು ನಂಬಿಕೆ: ಕ್ರಿಪ್ಟೊ ಸಾಲಪೇಟೆಯ ಮೊದಲ ಘಟ್ಟ (೨೦೧೭–೨೦೨೩)

ಹಣವುಳ್ಳವರು ಅದನ್ನು ಬಡ್ಡಿಗೆ ಬಿಡುವುದು ಅತಿ ಪುರಾತನವಾದ ವ್ಯವಹಾರ. ಆದರೆ ಸಾಲ ಪಡೆಯುವವನ ಹೆಸರು, ಊರು, ನಡತೆ ಯಾವುದನ್ನೂ ಕೇಳದೆ ಸಾಲ ಕೊಡುವ ಪದ್ಧತಿಯೊಂದು ನಮ್ಮ ಕಾಲದಲ್ಲಿ ತಲೆಯೆತ್ತಿರುವುದು ಅರ್ಥಚರಿತ್ರೆಯ ವಿದ್ಯಾರ್ಥಿಗಳು ಗಮನಿಸತಕ್ಕ ವಿಷಯ. ಕ್ರಿಪ್ಟೊ ಆಸ್ತಿಗಳನ್ನು ವಿಕೇಂದ್ರಿತ ಸಾಲಪೇಟೆಗಳಲ್ಲಿ ತೊಡಗಿಸಿ ಆದಾಯ ಪಡೆಯುವ ಈ ಪದ್ಧತಿಯ ಮೊದಲ ಘಟ್ಟವನ್ನು ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ. ನಷ್ಟವೊದಗಿದಾಗ ಅದು ಯಾರ ಪಾಲಿಗೆ ಬಂದಿತೆಂಬುದೇ ನಮ್ಮ ಮುಖ್ಯ ಪ್ರಶ್ನೆ.

೨೦೧೫ರ ಜುಲೈನಲ್ಲಿ ಆರಂಭವಾದ ಎಥೀರಿಯಂ ಜಾಲವು ಈ ಪೇಟೆಗಳಿಗೆ ನೆಲೆಯಾಯಿತು. ಕರಾರಿನ ಷರತ್ತುಗಳನ್ನೇ ಗಣಕಕ್ರಮವಾಗಿ ಬರೆದಿಟ್ಟರೆ, ಯಾರ ಮಧ್ಯಸ್ಥಿಕೆಯೂ ಇಲ್ಲದೆ ಅವು ಜಾರಿಗೆ ಬರುವ ಅನುಕೂಲ ಅಲ್ಲಿತ್ತು. ೨೦೧೭ರಲ್ಲಿ ಫಿನ್ಲೆಂಡಿನ ಸ್ಟಾನಿ ಕುಲೆಚೊವ್ ಅವರು ‘ಎಥ್‌ಲೆಂಡ್’ ಎಂಬುದನ್ನು ಸ್ಥಾಪಿಸಿದರು. ಅಲ್ಲಿ ಸಾಲ ಕೊಡುವ ಒಬ್ಬನಿಗೆ ಸಾಲ ಬೇಡುವ ಒಬ್ಬನು ಜೊತೆಯಾಗಬೇಕಾಗಿದ್ದುದರಿಂದ ವ್ಯವಹಾರ ನಿಧಾನವಾಗಿತ್ತು. ೨೦೧೮ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ‘ಕಾಂಪೌಂಡ್’ ಈ ತೊಡಕನ್ನು ನಿವಾರಿಸಿತು. ಕೊಡುವವರೆಲ್ಲರ ಧನವನ್ನು ಒಂದೇ ನಿಧಿಯಲ್ಲಿ ಕೂಡಿಸಿ, ಬೇಡುವವರು ಆ ನಿಧಿಯಿಂದಲೇ ಪಡೆಯುವಂತೆ ಏರ್ಪಡಿಸಿತು. ಎಥ್‌ಲೆಂಡ್ ಸಹ ‘ಆವೆ’ ಎಂಬ ಹೊಸ ಹೆಸರು ತಳೆದು, ೨೦೨೦ರ ಜನವರಿಯಲ್ಲಿ ಇದೇ ಮಾರ್ಗವನ್ನು ಹಿಡಿಯಿತು.

ಈ ನಿಧಿಯ ನಡೆ ಸರಳವಾದುದು. ಆಸ್ತಿಯನ್ನು ತೊಡಗಿಸಿದವನಿಗೆ ರಸೀತಿಯಂತಹ ಟೋಕನ್ ದೊರೆಯುತ್ತದೆ. ಸಾಲ ಪಡೆಯುವವನು ಸಾಲಕ್ಕಿಂತ ಹೆಚ್ಚು ಬೆಲೆಯ ಆಸ್ತಿಯನ್ನು ಒತ್ತೆಯಿಡಬೇಕು. ಆ ಒತ್ತೆಯ ಬೆಲೆ ಗೊತ್ತಾದ ಮಿತಿಗಿಂತ ಕುಸಿದರೆ, ಯಾರು ಬೇಕಾದರೂ ಸಾಲವನ್ನು ತೀರಿಸಿ ಒತ್ತೆಯನ್ನು ರಿಯಾಯಿತಿಯಲ್ಲಿ ಪಡೆಯಬಹುದು. ಬಡ್ಡಿಯನ್ನು ನಿರ್ಧರಿಸುವುದು ನಿಧಿಯ ಬಳಕೆಯ ಪ್ರಮಾಣ. ನಿದರ್ಶನಕ್ಕೆ, ನೂರು ಲಕ್ಷದ ನಿಧಿಯಲ್ಲಿ ೮೦ ಲಕ್ಷವು ನೂರಕ್ಕೆ ೫ರ ವಾರ್ಷಿಕ ಬಡ್ಡಿಗೆ ಹೋಗಿದೆಯೆನ್ನೋಣ. ಬರುವ ೪ ಲಕ್ಷದಲ್ಲಿ ಹತ್ತನೆಯ ಒಂದಂಶವನ್ನು ಮೀಸಲಿಗೆ ತೆಗೆದರೆ, ತೊಡಗಿಸಿದವರಿಗೆ ಸಿಗುವುದು ನೂರಕ್ಕೆ ೩.೬ ಮಾತ್ರ. ನಿಧಿಯೆಲ್ಲವೂ ಸಾಲವಾಗಿ ಹೊರಗಿದ್ದರೆ ತೊಡಗಿಸಿದವನು ಆ ಕ್ಷಣದಲ್ಲಿ ಅಸಲನ್ನು ಹಿಂಪಡೆಯಲಾರನೆಂಬುದನ್ನೂ ಮರೆಯಬಾರದು.

೨೦೨೦ರ ಜೂನ್ ತಿಂಗಳಲ್ಲಿ ಕಾಂಪೌಂಡ್ ತನ್ನ ಆಡಳಿತದಲ್ಲಿ ಮತ ನೀಡುವ ಟೋಕನನ್ನು ಕೊಡುವವರಿಗೂ ಪಡೆಯುವವರಿಗೂ ಹಂಚತೊಡಗಿತು. ಟೋಕನ್ನಿನ ಆಸೆಗಾಗಿಯೇ ಸಾಲ ಪಡೆಯುವವರು ಹೆಚ್ಚಿದರು. ಆ ಕಾಲದ ದೊಡ್ಡ ಆದಾಯದಲ್ಲಿ ಬಡ್ಡಿ ಎಷ್ಟು, ಹಂಚಿಕೆಯ ಕೊಡುಗೆ ಎಷ್ಟು ಎಂಬುದನ್ನು ಬಿಡಿಸಿ ನೋಡದ ಹೊರತು ಅದರ ಸ್ವರೂಪ ತಿಳಿಯದು.

ಇನ್ನು ಪರೀಕ್ಷೆಯ ಸಂದರ್ಭಗಳು. ೨೦೨೦ರ ಮಾರ್ಚ್ ೧೨ರಂದು ಈಥರ್ ಬೆಲೆ ಒಂದೇ ದಿನದಲ್ಲಿ ನೂರಕ್ಕೆ ೪೦ಕ್ಕಿಂತ ಹೆಚ್ಚು ಕುಸಿಯಿತು. ಒತ್ತೆಯ ಮೇಲೆ ಡಾಯ್ ನಾಣ್ಯ ನೀಡುತ್ತಿದ್ದ ‘ಮೇಕರ್’ನ ಹರಾಜುಗಳಲ್ಲಿ ಕೆಲವರು ಸೊನ್ನೆ ಬೆಲೆಗೇ ಸುಮಾರು ೮೦ ಲಕ್ಷ ಡಾಲರ್‌ಗಳ ಒತ್ತೆಯನ್ನು ಪಡೆದರು. ಅದೇ ವರ್ಷದ ನವೆಂಬರ್ ೨೬ರಂದು, ಒಂದು ವಿನಿಮಯ ಕೇಂದ್ರದಲ್ಲಿ ಡಾಯ್ ಬೆಲೆ ಒಂದು ಡಾಲರಿನಿಂದ ೧.೩೦ಕ್ಕೆ ಏರಿದ ಮಾತ್ರಕ್ಕೆ ಕಾಂಪೌಂಡ್‌ನಲ್ಲಿ ಅನೇಕರ ಒತ್ತೆಗಳು ಮಾರಾಟವಾದವು. ಇವೆರಡರಲ್ಲೂ ಪೆಟ್ಟು ಮುಖ್ಯವಾಗಿ ಸಾಲ ಪಡೆದವರಿಗೆ ಬಿದ್ದಿತು. ೨೦೨೩ರ ಮಾರ್ಚ್ ೧೩ರಂದು ‘ಯೂಲರ್’ ನಿಧಿಯಲ್ಲಾದುದು ಬೇರೆ. ಗಣಕಕ್ರಮದ ಒಂದು ಲೋಪವನ್ನು ಹಿಡಿದು ಸುಮಾರು ೧೯.೭ ಕೋಟಿ ಡಾಲರ್‌ಗಳನ್ನು ಒಬ್ಬನು ಸೆಳೆದನು. ಅಲ್ಲಿ ಬರಿಗೈಯಾದವರು ತೊಡಗಿಸಿದವರೇ. ಮುಂದಿನ ವಾರಗಳಲ್ಲಿ ಅದರ ಬಹುಭಾಗ ಮರಳಿ ಬಂದುದು ಸೆಳೆದವನ ಜೊತೆಗಿನ ಮಾತುಕತೆಯಿಂದ.

೨೦೨೨ರ ಬೇಸಗೆಯ ಘಟನೆಯೊಂದು ಇನ್ನೂ ಬೋಧಪ್ರದವಾಗಿದೆ. ಜನರಿಂದ ಕ್ರಿಪ್ಟೊ ಆಸ್ತಿ ಪಡೆದು ಬಡ್ಡಿಯ ಭರವಸೆ ನೀಡಿದ್ದ ‘ಸೆಲ್ಸಿಯಸ್’ ಎಂಬ ಸಂಸ್ಥೆ ಜೂನ್ ೧೨ರಂದು ಹಣ ಹಿಂಪಡೆಯುವುದನ್ನು ತಡೆಹಿಡಿಯಿತು; ಜುಲೈ ೧೩ರಂದು ದಿವಾಳಿ ಅರ್ಜಿ ಸಲ್ಲಿಸಿತು. ಈ ನಡುವೆ ಅದು ಮೇಕರ್, ಆವೆ, ಕಾಂಪೌಂಡ್‌ಗಳ ಸಾಲವನ್ನು ತೀರಿಸಿತು. ಹಾಗೆ ಮಾಡದೆ ಅಲ್ಲಿದ್ದ ದೊಡ್ಡ ಒತ್ತೆ ಬಿಡುಗಡೆಯಾಗುತ್ತಿರಲಿಲ್ಲ. ಯಂತ್ರದ ಸಾಲ ಸಂದಿತು, ಮಾತನ್ನು ನಂಬಿದ ಜನರ ಸಾಲ ಉಳಿಯಿತು.

ಇಲ್ಲಿ ನಾಸಿಕದ ಗುಹಾಶಾಸನವೊಂದು ನೆನಪಿಗೆ ಬರುತ್ತದೆ. ನಹಪಾನನ ಅಳಿಯ ಉಷವದಾತನು ೩೦೦೦ ಕಾರ್ಷಾಪಣಗಳನ್ನು ಗೋವರ್ಧನದ ನೇಕಾರ ಶ್ರೇಣಿಗಳಲ್ಲಿ ಇರಿಸಿದನು: ೨೦೦೦ ತಿಂಗಳಿಗೆ ನೂರಕ್ಕೆ ೧ರಂತೆ, ೧೦೦೦ ತಿಂಗಳಿಗೆ ನೂರಕ್ಕೆ ಮುಕ್ಕಾಲರಂತೆ. ಅಸಲು ಹಿಂದಿರುಗತಕ್ಕುದಲ್ಲ, ಬಡ್ಡಿ ಮಾತ್ರ ಭಿಕ್ಷುಗಳ ವಸ್ತ್ರಾದಿಗಳಿಗೆ. ಇದನ್ನು ನಿಗಮಸಭೆಯಲ್ಲಿ ಸಾರಿ, ಫಲಕಗಳಲ್ಲಿ ಬರೆಸಲಾಯಿತು. ಎಲ್ಲರೂ ಓದಬಹುದಾದ ಲೆಕ್ಕವೆಂಬ ಅಂಶದಲ್ಲಿ ಬ್ಲಾಕ್‌ಚೈನ್ ಆ ಫಲಕದ ಬಂಧು. ಆದರೆ ಫಲಕದ ಹಿಂದೆ ಶ್ರೇಣಿಯಿತ್ತು, ಕೇಳಿದರೆ ಉತ್ತರ ಕೊಡುವ ಜನರಿದ್ದರು.

ಆದುದರಿಂದ ಹೊಸ ಪೇಟೆಯು ನಂಬಿಕೆಯ ಅಗತ್ಯವನ್ನೇ ಕಳೆದಿದೆಯೆಂಬ ಮಾತು ನಿಲ್ಲುವುದಿಲ್ಲ. ಅಲ್ಲಿ ನಂಬಿಕೆ ಮನುಷ್ಯನಿಂದ ಒತ್ತೆಗೆ, ಬೆಲೆ ತಿಳಿಸುವ ಮೂಲಕ್ಕೆ, ಗಣಕಕ್ರಮದ ನಿರ್ದೋಷತೆಗೆ ಸ್ಥಾನಾಂತರ ಹೊಂದಿದೆ. ತೊಡಗಿಸಿದವನ ಬಡ್ಡಿಯಲ್ಲಿ ಈ ಮೂರರ ಅಪಾಯದ ಬೆಲೆಯೂ ಸೇರಿದೆಯೆಂದು ತಿಳಿದು ಅದನ್ನು ಅಳೆಯುವುದು ಯುಕ್ತವೆಂದು ನಮ್ಮ ಅಭಿಪ್ರಾಯ.