ಹಾಜರಿ ಪುಸ್ತಕದಲ್ಲಿರುವ ಮಗು, ಹೊಸ್ತಿಲಾಚೆ ಉಳಿದ ಮಗು

ನಿಜಾಮರ ಆಳ್ವಿಕೆಯಲ್ಲಿ ಬೀದರ್ ಸೀಮೆಯ ಶಾಲೆಗಳ ಭಾಷೆ ಉರ್ದು. ಮನೆಯಲ್ಲಿ ಕನ್ನಡವಾಡುವ ಮಗುವಿಗೆ ಶಾಲೆಯ ಬಾಗಿಲು ತೆರೆದಿದ್ದರೂ ಪಾಠ ಮುಚ್ಚಿಯೇ ಇರುತ್ತಿತ್ತು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರೆಂಬುದನ್ನು ಈ ಭಾಗದ ಜನ ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ. ಶಾಲೆಯ ಹೊರಗಿನ ಬರಹಕ್ಕೂ ಒಳಗಿನ ಪಾಠಕ್ಕೂ ಇದ್ದ ಆ ಅಂತರ ಮಕ್ಕಳಿಗೆ ವರವಾಯಿತು.

ಆದರೆ ಭಾಷೆ ಯಾವುದಾದರೂ ಒಂದೇ ಎಂಬಂತಿದ್ದ ಮತ್ತೊಂದು ಮಗುವೂ ಅದೇ ಊರುಗಳಲ್ಲಿತ್ತು. ಕಾಲಿನಲ್ಲಿ ಸ್ವಾಧೀನವಿಲ್ಲದೆ, ಶಾಲೆಯ ಮೆಟ್ಟಿಲನ್ನೇ ಹತ್ತಲಾಗದ ಮಗು ಅದು. ಅದು ಮನೆಯಲ್ಲೇ ಉಳಿಯುವುದು ಸಹಜವೆಂದು ಹೆತ್ತವರೂ ಮಾಸ್ತರರೂ ಒಪ್ಪಿಕೊಂಡಿದ್ದ ಕಾಲ.

ಭಾರತದಲ್ಲಿ ವಿಶೇಷ ಶಾಲೆಗಳು ಹುಟ್ಟಿದ್ದು ಮುಖ್ಯವಾಗಿ ಕಾಣದವರಿಗೆ ಮತ್ತು ಕೇಳದವರಿಗೆ. ಅಮೃತಸರದಲ್ಲಿ 1887ರಲ್ಲಿ ಅಂಧರ ಶಾಲೆ ಆರಂಭವಾಯಿತು. ಮೈಸೂರಿನಲ್ಲಿ 1901ರಲ್ಲಿ ಅಂಧ ಹಾಗೂ ಕಿವುಡ ಮಕ್ಕಳ ಶಾಲೆ ತೆರೆಯಿತು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಸಂಗೀತದ ದಾರಿ ತೋರಿದರು. ಬ್ರೈಲ್ ಲಿಪಿಗೂ ಸನ್ನೆಯ ಭಾಷೆಗೂ ಬೇರೆ ಗುರುಗಳು ಬೇಕಾಗಿದ್ದರಿಂದ ಈ ಪ್ರತ್ಯೇಕತೆಗೆ ಒಂದು ಅರ್ಥವಿತ್ತು. ನಡೆಯಲಾಗದ ಮಗುವಿಗಾದರೋ ಬೇರೆ ಲಿಪಿ ಬೇಕಿರಲಿಲ್ಲ, ಬೇರೆ ಪಠ್ಯ ಬೇಕಿರಲಿಲ್ಲ. ಎಲ್ಲರ ಪಾಟಿಯೇ ಅದರ ಪಾಟಿ. ಹೀಗಾಗಿಯೇ ಅದು ಎರಡು ಕಡೆಯಿಂದಲೂ ಜಾರಿತು. ವಿಶೇಷ ಶಾಲೆಯ ಅಗತ್ಯ ಅದಕ್ಕೆ ಕಾಣಲಿಲ್ಲ. ಸಾಮಾನ್ಯ ಶಾಲೆ ಅದಕ್ಕಾಗಿ ಸಿದ್ಧವಾಗಲಿಲ್ಲ.

ಸಾಮಾನ್ಯ ಶಾಲೆಯಲ್ಲೇ ಇಂಥ ಮಕ್ಕಳು ಕಲಿಯಬೇಕೆಂಬ ಮಾತನ್ನು ಕೊಠಾರಿ ಆಯೋಗ 1966ರಲ್ಲೇ ಆಡಿತ್ತು. 1974ರಲ್ಲಿ ಕೇಂದ್ರ ಸರ್ಕಾರ ಅಂಗವಿಕಲ ಮಕ್ಕಳ ಸಮನ್ವಯ ಶಿಕ್ಷಣ ಯೋಜನೆಯನ್ನು ತಂದಿತು. ಅದು ಮೊದಲು ಶಿಕ್ಷಣ ಇಲಾಖೆಯ ಕೈಯಲ್ಲಿರದೆ ಸಮಾಜ ಕಲ್ಯಾಣದ ಪಾಲಿಗೆ ಬಂದದ್ದು ಆಗಿನ ಮನೋಭಾವವನ್ನು ತೋರಿಸುತ್ತದೆ: ಈ ಮಕ್ಕಳಿಗೆ ಸಲ್ಲಬೇಕಾದದ್ದು ಪಾಠವಲ್ಲ, ಅನುಕಂಪ! 1982ರಲ್ಲಷ್ಟೇ ಅದು ಶಿಕ್ಷಣ ಇಲಾಖೆಗೆ ವರ್ಗವಾಯಿತು. ಚಲನೆಯ ತೊಂದರೆಯುಳ್ಳ ಮಕ್ಕಳು ಸಾಧ್ಯವಾದೆಡೆಯಲ್ಲೆಲ್ಲ ಇತರರೊಡನೆಯೇ ಓದಬೇಕೆಂದು 1986ರ ರಾಷ್ಟ್ರೀಯ ಶಿಕ್ಷಣ ನೀತಿ ಸ್ಪಷ್ಟವಾಗಿ ಹೇಳಿತು. ‘ಸಾಧ್ಯವಾದೆಡೆ’ ಎಂಬ ಒಂದು ಪದದೊಳಗೆ ಎಷ್ಟೋ ಊರುಗಳು ಅಡಗಿಕೊಂಡವು. 1994ರಲ್ಲಿ ಸ್ಪೇನಿನ ಸಲಮಾಂಕಾದಲ್ಲಿ 92 ಸರ್ಕಾರಗಳ ಪ್ರತಿನಿಧಿಗಳು ಸೇರಿ ಆ ಮಾತನ್ನು ತಿರುಗಿಸಿ ಹೇಳಿದರು: ಮಗು ಶಾಲೆಗೆ ಒಗ್ಗಬೇಕಾದದ್ದಲ್ಲ, ಶಾಲೆಯೇ ಮಗುವಿಗೆ ಒಗ್ಗಬೇಕು. ಮರುವರ್ಷ ಭಾರತದಲ್ಲಿ ಅಂಗವಿಕಲರ ಕಾಯ್ದೆ ಬಂದಿತು. ಕನ್ನಡದಲ್ಲಿ ‘ಅಂಗವಿಕಲ’ ಹೋಗಿ ‘ವಿಕಲಚೇತನ’ ಬಂದದ್ದು ಆಮೇಲೆ. ಗೌರವಕ್ಕೆಂದು ತಂದ ಪದವೇನೋ ಹೌದು, ಆದರೆ ಕಾಲು ಸೋತ ಮಗುವಿನ ಚೇತನಕ್ಕೆ ಏನಾಗಿದೆಯೆಂದು ಯಾರಾದರೂ ಕೇಳಿದರೆ ಉತ್ತರ ಕಷ್ಟ.

ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಎರಡನೆಯ ಹಂತದಲ್ಲಿ ಬೀದರ್ ಜಿಲ್ಲೆ ಸೇರಿತು. 2001ರಿಂದ ಸರ್ವ ಶಿಕ್ಷಣ ಅಭಿಯಾನ ಯಾವ ಮಗುವನ್ನೂ ಹಿಂದಕ್ಕೆ ಕಳುಹಿಸಬಾರದೆಂಬ ನಿಯಮ ತಂದಿತು. ಶಾಲೆಗಳ ಮುಂದೆ ರ‍್ಯಾಂಪ್ ಎಂದು ಕರೆಯುವ ಇಳಿಜಾರುಗಳು ಎದ್ದವು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದವಿರಬೇಕೆಂಬುದು ಇದರ ಲೆಕ್ಕ. ಜಾಗ ಉಳಿಸಲು ಅದನ್ನು ಕಡಿದಾಗಿ ಕಟ್ಟಿದರೆ ಗಾಲಿಕುರ್ಚಿ ಹತ್ತುವುದಿಲ್ಲ, ಮಕ್ಕಳಿಗೆ ಜಾರುಬಂಡೆಯಾಗುತ್ತದೆ.

ಶಾಲೆಗೆ ಬರುವ ದಾರಿಯದು ಬೇರೆಯೇ ಕತೆ. ಬೀದರ್ ನಗರ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಎತ್ತರದ ಮೇಲೆ; ಅಲ್ಲಿನ ತೊಡಕು ಹಳೆಯ ಕೋಟೆ ಪೇಟೆಯ ಇಕ್ಕಟ್ಟಾದ ಓಣಿಗಳದು. ಭಾಲ್ಕಿ, ಔರಾದ್ ಕಡೆಗೆ ಬಂದರೆ ಎರೆನೆಲ. ಮಳೆ ಬಿದ್ದೊಡನೆ ಊರುಗೋಲಿನ ತುದಿ ಹೂತುಹೋಗುತ್ತದೆ, ಮೂರು ಗಾಲಿಯ ಸೈಕಲ್ ಅಲುಗುವುದಿಲ್ಲ. ರಾಜ್ಯದ ಉತ್ತರ ತುದಿಯ ಔರಾದಿನ ತಾಂಡಾಗಳಲ್ಲಿ ಮಗುವನ್ನು ಹೆಗಲ ಮೇಲೆ ಹೊತ್ತು ತರುವ ತಂದೆ ದುಡಿಮೆಗೆ ಪರವೂರಿಗೆ ಹೋದನೆಂದರೆ ಆ ಮಗುವಿನ ಶಾಲೆಯೂ ಅಂದಿಗೆ ಮುಗಿಯಿತು. ಬೆಂಗಾವಲು ಭತ್ಯೆ, ಸಾರಿಗೆ ಭತ್ಯೆಗಳು ಇರುವುದು ಇದಕ್ಕಾಗಿಯೇ. ಆದರೆ ಹಣ ವರ್ಷದ ಕೊನೆಗೆ ಕೈಸೇರಿದರೆ ಜೂನ್ ತಿಂಗಳ ಕೆಸರಿಗೆ ಉಪಯೋಗವೇನು?

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ತೀವ್ರ ವೈಕಲ್ಯವುಳ್ಳ ಮಗು ಮನೆಯಲ್ಲೇ ಕಲಿಯಬಹುದೆಂದು 2012ರ ತಿದ್ದುಪಡಿ ಅವಕಾಶ ಕೊಟ್ಟಿತು. ಹಾಸಿಗೆ ಬಿಟ್ಟೇಳಲಾಗದ ಮಗುವಿಗೆ ಇದು ನಿಜಕ್ಕೂ ಆಸರೆ. ಸಂಪನ್ಮೂಲ ಶಿಕ್ಷಕರು ನಿಗದಿತ ದಿನಗಳಂದು ಮನೆಗೇ ಬಂದು ಕಲಿಸುತ್ತಾರೆ, ಕೈಕಾಲುಗಳ ವ್ಯಾಯಾಮ ಹೇಳಿಕೊಡುತ್ತಾರೆ. ಅಪಾಯವಿರುವುದು ಆ ಬಾಗಿಲ ಅಗಲದಲ್ಲಿ. ಒಂದಿಷ್ಟು ನೆರವಿದ್ದರೆ ಬೆಂಚಿನ ಮೇಲೆ ಕೂರಬಲ್ಲ ಮಗುವೂ ಅದೇ ಪಟ್ಟಿಗೆ ಸೇರಿಬಿಡಬಹುದು. ಆಗ ಹೆಸರು ಶಾಲೆಯ ಪುಸ್ತಕದಲ್ಲಿರುತ್ತದೆ, ಮಗು ಮನೆಯ ಮೂಲೆಯಲ್ಲಿರುತ್ತದೆ. ಪಟ್ಟದ್ದೇವರ ಶಾಲೆಯಲ್ಲಿ ಹೊರಗಿನ ಬರಹ ಒಳಗಿನ ಕಲಿಕೆಯನ್ನು ಕಾಪಾಡಿತು. ಇಲ್ಲಿ ಪುಸ್ತಕದ ಬರಹ ಕಲಿಕೆ ಇಲ್ಲದಿರುವುದನ್ನು ಮರೆಮಾಚುತ್ತದೆ.

ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೊಬ್ಬ ವಿಶೇಷ ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಅದು ಬೇಕಾದದ್ದೇ. ಆದರೆ ನಡೆಯಲಾಗದ ಮಗು ಶಾಲೆ ಬಿಡುವುದು ಬಹುಪಾಲು ಪಾಠ ತಿಳಿಯದೆ ಅಲ್ಲ, ಶೌಚಾಲಯಕ್ಕೆ ಹೋಗಲಾರದೆ. ನೀರು ಕುಡಿದರೆ ಹೋಗಬೇಕಾಗುತ್ತದೆಂದು ಬೆಳಗಿನಿಂದ ಬಾಯಾರಿ ಕೂರುವುದು, ಅದರಲ್ಲೂ ಹೆಣ್ಣುಮಕ್ಕಳಿಗೆ, ಯಾವ ವರದಿಯಲ್ಲೂ ಕಾಣದ ಶಿಕ್ಷೆ. ಮೇಲಂತಸ್ತಿನಲ್ಲಿರುವ ಐದನೆಯ ತರಗತಿಯನ್ನು ಕೆಳಗಿಳಿಸಲು ಸರ್ಕಾರದ ಆದೇಶವೇನೂ ಬೇಕಿಲ್ಲ, ಮುಖ್ಯೋಪಾಧ್ಯಾಯರು ಮನಸ್ಸು ಮಾಡಿದರೆ ಸಾಕು.

ಈ ನಡುವೆ ಮಕ್ಕಳ ಸ್ವರೂಪವೂ ಬದಲಾಗಿದೆ. ಒಂದು ತಲೆಮಾರಿನ ಕಾಲುಗಳನ್ನು ಕಸಿದ ಪೋಲಿಯೊದಿಂದ ಭಾರತ ಮುಕ್ತವೆಂದು 2014ರ ಮಾರ್ಚಿನಲ್ಲಿ ಘೋಷಣೆಯಾಯಿತು. ಪೋಲಿಯೊ ತಗುಲಿದ ಮಗು ಊರುಗೋಲು ಹಿಡಿದು ತಾನೇ ಬಂದು ಕೂರುತ್ತಿತ್ತು. ಈಗ ಮುಂದೆ ಕಾಣುವುದು ಮಿದುಳಿನ ಪಾರ್ಶ್ವವಾಯುವಿನ ಮಕ್ಕಳು. ಅವರಿಗೆ ಇಳಿಜಾರೊಂದೇ ಸಾಲದು; ಬೆನ್ನಿಗೆ, ಪಕ್ಕೆಗಳಿಗೆ ಆಧಾರವಿರುವ, ಪಾದ ಊರಲು ಹಲಗೆಯಿರುವ ಕುರ್ಚಿ ಬೇಕು. ಅಳತೆ ಕೊಟ್ಟರೆ ಅದನ್ನು ಊರಿನ ಬಡಿಗನೇ ಮಾಡಿಕೊಡಬಲ್ಲ.