ಬ್ಯಾಂಕ್ ಅರ್ಥಶಾಸ್ತ್ರಜ್ಞ (ಉಡುಪಿ–ಮಣಿಪಾಲ ಪ್ರದೇಶ)

ಜಗತ್ತಿನ ಬೆಲೆ, ಬಡ್ಡಿದರ, ವಿನಿಮಯ ದರಗಳ ಏರಿಳಿತವನ್ನು ಗಮನಿಸುತ್ತ, ಅದರಿಂದ ಠೇವಣಿ ಮತ್ತು ಸಾಲದ ಮೇಲಾಗುವ ಪರಿಣಾಮವನ್ನು ಮೊದಲೇ ಅಂದಾಜಿಸುವ ಅಧಿಕಾರಿ. ಉಡುಪಿ ಸೀಮೆಯಲ್ಲಿ ಈ ವೃತ್ತಿಗೆ ನೆಲೆ ಕೊಟ್ಟದ್ದು ಮುಖ್ಯವಾಗಿ ಬ್ಯಾಂಕುಗಳು.

1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಕಟ್ಟಿದ ಸಂಸ್ಥೆ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. 1925ರಲ್ಲಿ ಉಪೇಂದ್ರ ಅನಂತ ಪೈ, ಡಾ. ಟಿ.ಎಂ.ಎ. ಪೈ ಮತ್ತು ವಾಮನ ಕುಡ್ವರು ಸ್ಥಾಪಿಸಿದ ಸಂಸ್ಥೆ 1964ರಲ್ಲಿ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರು ಪಡೆಯಿತು. ಅದರ 1928ರ ಪಿಗ್ಮಿ ಠೇವಣಿ ಯೋಜನೆಯಲ್ಲಿ ಏಜೆಂಟರು ಮನೆ, ಅಂಗಡಿಗಳಿಗೆ ಹೋಗಿ ದಿನಕ್ಕೆ ಎರಡಾಣೆಯಂಥ ಕಿರುಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಈ ಚಿಲ್ಲರೆ ಹಣದ ಬ್ಯಾಂಕು 1969ರಲ್ಲಿ ರಾಷ್ಟ್ರೀಕರಣಗೊಂಡಿತು.

ಈ ಪರಂಪರೆಯ ಎದ್ದುಕಾಣುವ ಹೆಸರು ಡಾ. ಎನ್.ಕೆ. ತಿಂಗಳಾಯ. ಭಾರತದ ನೂರು ವರ್ಷಗಳ ಬೆಲೆಗಳನ್ನು ಕುರಿತ ಅವರ ಲೇಖನ 1969ರಲ್ಲಿ 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ ಪ್ರಕಟವಾಯಿತು. ಸಿಂಡಿಕೇಟ್ ಬ್ಯಾಂಕಿನಲ್ಲಿ ಅರ್ಥಶಾಸ್ತ್ರಜ್ಞರಾಗಿದ್ದ ಅವರು ಅದೇ ಬ್ಯಾಂಕಿನ ಅಧ್ಯಕ್ಷ ಹಾಗೂ ವ್ಯವಸ್ಥಾಪಕ ನಿರ್ದೇಶಕರಾದರು. ಬಳಿಕ ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ದಕ್ಷಿಣ ಕನ್ನಡದ ಬ್ಯಾಂಕುಗಳ ಚರಿತ್ರೆಯನ್ನೂ ಬರೆದರು. ಸಂಶೋಧಕರೊಬ್ಬರು ಬ್ಯಾಂಕಿನ ಚುಕ್ಕಾಣಿ ಹಿಡಿಯುವುದು ಅಪರೂಪವೇ.

ಈ ಕೆಲಸಕ್ಕೆ ಬೇಕಾದ ಸಾಮಗ್ರಿ ಊರಿನಲ್ಲೇ ಸಿಗುತ್ತದೆ. ಕಾಪು ತಾಲೂಕಿನ ಎಲ್ಲೂರಿನ 1,200 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ಉರಿಸುವುದು ಹೊರದೇಶದ ಕಲ್ಲಿದ್ದಲು. ಗೇರುಬೀಜ ಕಾರ್ಖಾನೆಗಳಿಗೆ ಆಫ್ರಿಕಾದ ಕಚ್ಚಾಬೀಜ ಬರುತ್ತದೆ. ಡಾಲರ್ ದುಬಾರಿಯಾದರೆ ಆ ಬೀಜದ ಖರೀದಿಗೆ ಮಾಡುವ ಸಾಲವೂ ಹಿಗ್ಗುತ್ತದೆ. ಮಲ್ಪೆಯ ಬೋಟಿನವರಿಗೆ ಕಚ್ಚಾತೈಲದ ಸುದ್ದಿಯೆಂದರೆ ಡೀಸೆಲ್ ಬಿಲ್ಲು. ಇವೆಲ್ಲಕ್ಕಿಂತ ಆಳವಾದ ನಂಟು ಕೊಲ್ಲಿ ರಾಷ್ಟ್ರಗಳದ್ದು. ಆಗಸ್ಟ್ 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ತೈಲ ಬೆಲೆ ಜಿಗಿಯಿತು, ಅಲ್ಲಿ ದುಡಿಯುತ್ತಿದ್ದ ಭಾರತೀಯರು ಬರಿಗೈಯಲ್ಲಿ ಊರಿಗೆ ಮರಳಿದರು, ಅನಿವಾಸಿಗಳು ಠೇವಣಿ ಹಿಂತೆಗೆಯತೊಡಗಿದರು. ದೇಶದ ವಿದೇಶಿ ವಿನಿಮಯ ಸಂಗ್ರಹ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿಯಿತು; ಜುಲೈ 1991ರಲ್ಲಿ ರೂಪಾಯಿಯ ಮೌಲ್ಯವನ್ನು ಎರಡು ಹಂತಗಳಲ್ಲಿ ತಗ್ಗಿಸಬೇಕಾಯಿತು. ತೈಲ ಬೆಲೆ, ವಲಸೆ, ಠೇವಣಿಗಳನ್ನು ಬೇರೆಬೇರೆ ಕಡತಗಳಲ್ಲಿ ಇಟ್ಟು ನೋಡುವ ಅರ್ಥಶಾಸ್ತ್ರಜ್ಞನಿಗೆ ಇಂಥ ಬಿಕ್ಕಟ್ಟಿನ ಮುನ್ಸೂಚನೆ ಸಿಗಲಾರದು.

ವೃತ್ತಿಗೆ ಸ್ನಾತಕೋತ್ತರ ಪದವಿಯೊಂದಿಗೆ ಸಂಖ್ಯಾಶಾಸ್ತ್ರದ ಹಿಡಿತ ಬೇಕು. ರಿಸರ್ವ್ ಬ್ಯಾಂಕಿನ ಸಂಶೋಧನಾ ವಿಭಾಗದ ಅಧಿಕಾರಿ ಹುದ್ದೆ, ಕೇಂದ್ರ ಲೋಕಸೇವಾ ಆಯೋಗ ನಡೆಸುವ ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆ ಇತರ ಹಾದಿಗಳು.

1 ಏಪ್ರಿಲ್ 2020ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲೂ ವಿಲೀನವಾದವು. ಉಡುಪಿಯಲ್ಲಿ ಹುಟ್ಟಿದ ಈ ಎರಡು ಬ್ಯಾಂಕುಗಳ ನಿರ್ಧಾರಗಳು ಈಗ ಆಗುವುದು ಬೆಂಗಳೂರು ಮತ್ತು ಮುಂಬಯಿಗಳಲ್ಲಿ.